ತೊಳೆಯದ ಟ್ಯೂಬು

ಭಾನುವಾರ ನಮ್ಮ ಸ್ಕ್ಯಾನಿಂಗ್ ಸೆಂಟರಿಗೆ ರೋಗಿಗಳು ಬರುವುದಿಲ್ಲ. ಜಮಖಂಡಿಯ ಆ ಎಂಆರ್‌ಐ ಯಂತ್ರವನ್ನು ಮಾಲೀಕರು ಅಂದು ನನಗೂ ನಮ್ಮ ಟೆಕ್ನಿಶಿಯನ್‌ಗೂ ಬಿಟ್ಟುಕೊಟ್ಟಿದ್ದರು. ಮನುಷ್ಯರು ಮಲಗುವ ಜಾಗದಲ್ಲಿ ನಾವು ಒಂದು ಪ್ಲಾಸ್ಟಿಕ್ ಡಬ್ಬಿ ಇಟ್ಟು ಒಳಗೆ ಕಳಿಸುತ್ತಿದ್ದೆವು. ಡಬ್ಬಿಯಲ್ಲಿ ನೀರು, ನೀರಿನಲ್ಲಿ ಸಾಲಾಗಿ ನಿಲ್ಲಿಸಿದ ಸಣ್ಣ ಟ್ಯೂಬುಗಳು, ಅವುಗಳೊಳಗೆ ಜೆಲ್ಲಿಯಲ್ಲಿ ಹೆಪ್ಪುಗಟ್ಟಿಸಿದ ರೋಗಿಗಳ ಮಜ್ಜೆಯ ಕೋಶಗಳು.

ಮೈಲೋಮಾ ಎಂಬುದು ಎಲುಬಿನ ಒಳಗಿನ ಮಜ್ಜೆಯಲ್ಲಿ ಬೆಳೆಯುವ ರಕ್ತದ ಕ್ಯಾನ್ಸರ್. ಬೆನ್ನುನೋವು ಎಂದು ವರ್ಷಗಟ್ಟಲೆ ಮುಲಾಮು ಹಚ್ಚಿಕೊಂಡವರು ಕೊನೆಗೆ ನಮ್ಮಲ್ಲಿಗೆ ಬರುತ್ತಾರೆ. ಸ್ಕ್ಯಾನಿನಲ್ಲಿ ಮಚ್ಚೆ ಕಾಣುತ್ತದೆ. ಆದರೆ ಚಿಕಿತ್ಸೆ ಮುಗಿದ ಮೇಲೂ ಮಚ್ಚೆ ಉಳಿದಿದ್ದರೆ ಅದು ಸತ್ತ ರೋಗದ ಕಲೆಯೋ, ಬದುಕಿರುವ ರೋಗವೋ ಎಂದು ಹೇಳುವುದು ಕಷ್ಟ. ಇದಕ್ಕಾಗಿ ಶಹರದ ಒಂದು ಸಂಶೋಧನಾ ತಂಡ ಕಬ್ಬಿಣದ ಅತಿ ಸಣ್ಣ ಕಣಗಳನ್ನು ತಯಾರಿಸಿತ್ತು. ಒಂದು ಕೂದಲಿನ ಅಗಲದಲ್ಲಿ ಸಾವಿರಗಟ್ಟಲೆ ಹಿಡಿಸುವಷ್ಟು ಸಣ್ಣವು. ಪ್ರತಿ ಕಣದ ಮೈಮೇಲೂ ಕ್ಯಾನ್ಸರ್ ಕೋಶದ ಹೊರಮೈಯಲ್ಲಿರುವ ಒಂದು ಪ್ರೋಟೀನನ್ನೇ ಹುಡುಕಿ ಹಿಡಿಯುವ ಕೊಕ್ಕೆ. ಕಬ್ಬಿಣ ಸೇರಿದ ಜಾಗ ಎಂಆರ್‌ಐ ಚಿತ್ರದಲ್ಲಿ ಕಪ್ಪಾಗುತ್ತದೆ. ಕಪ್ಪಾದರೆ ಅಲ್ಲಿ ರೋಗ ಜೀವಂತವಾಗಿದೆ ಎಂದು ಅರ್ಥ. ಮನುಷ್ಯರಿಗೆ ಚುಚ್ಚುವ ಮೊದಲು ನಿಜವಾದ ರೋಗಿಗಳ ಕೋಶಗಳಿಗೆ ಈ ಕಣ ಅಂಟುತ್ತದೆಯೇ, ಸಣ್ಣ ಊರಿನ ಯಂತ್ರದಲ್ಲೂ ಅದು ಕಾಣುತ್ತದೆಯೇ ಎಂದು ನೋಡುವುದು ರೇಡಿಯಾಲಜಿಸ್ಟ್ ಆದ ನನ್ನ ಪಾಲಿಗೆ ಬಂದ ಕೆಲಸ.

ಪ್ರತಿ ಶನಿವಾರ ಜಮಖಂಡಿಗೆ ಬರುವ ರಕ್ತರೋಗದ ವೈದ್ಯರು ಹೇಗೂ ಸೊಂಟದ ಎಲುಬಿನಿಂದ ಮಜ್ಜೆ ತೆಗೆದು ಪರೀಕ್ಷೆಗೆ ಕಳಿಸುತ್ತಿದ್ದರು. ರೋಗಿ ಒಪ್ಪಿದರೆ ಅದೇ ಸೂಜಿಯಲ್ಲಿ ನಮಗಾಗಿ ಸ್ವಲ್ಪ ಹೆಚ್ಚು. ಒಪ್ಪಿಸುವ ಕೆಲಸವೂ ನನ್ನದೇ.

ರಬಕವಿಯಿಂದ ಬಂದ ಆ ಹೆಂಗಸು ಸುಲಭಕ್ಕೆ ಒಪ್ಪಲಿಲ್ಲ. ಐವತ್ತು ದಾಟಿದವರು, ಮನೆಯಲ್ಲಿ ಪವರ್‌ಲೂಮ್, ಕೂತು ಕಂಡಿಕೆಗೆ ನೂಲು ಸುತ್ತುವ ಕೆಲಸ. ಬೆನ್ನಿನ ಎರಡು ಮಣಿ ಕುಸಿದಿದ್ದರಿಂದ ಕುರ್ಚಿಯಲ್ಲಿ ಓರೆಯಾಗಿ ಕೂತಿದ್ದರು.

"ನನ್ನ ಎಲುಬಿನ್ಯಾಗಿಂದು ತಗದು ಏನ್ ಮಾಡ್ತೀರಿ ಬಾಯಾರ?"

"ಕಬ್ಬಿಣದ ಒಂದು ಹೊಸಾ ಔಷಧ ಹಚ್ಚಿ ಫೋಟೋ ತಗೀತೇವ್ರಿ ಅಕ್ಕಾರ. ನಿಮ್ಮ ಮೈಯಾಗ ಏನೂ ಹಾಕಂಗಿಲ್ಲ."

"ಇವತ್ತ ಹಾಕಂಗಿಲ್ಲ. ನಾಳೆ?"

"ನಾಳೆ ಹಾಕೂದಿದ್ರ ನಿಮ್ಮನ್ನ ಕೇಳಿನೇ ಹಾಕ್ತೇವಿ. ಒಲ್ಲೆ ಅಂದ್ರ ಇಲ್ಲ."

"ನಾ ಒಲ್ಲೆ ಅಂದ ಮ್ಯಾಲೆ ಈ ದೊಡ್ಡ ಡಾಕ್ಟರ ಮೊದಲಿನಂಗ ನನ್ನ ನೋಡ್ತಾರೇನು?"

ನೋಡುತ್ತಾರೆ ಎಂದೆ. ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ, ತಗೊಳ್ಳಿ, ಆದರೆ ತೆಗೆದದ್ದನ್ನು ಏನು ಮಾಡುತ್ತೀರೋ ಅದನ್ನು ನನ್ನ ಕಣ್ಣೆದುರಿಗೆ ತೋರಿಸಬೇಕು ಎಂದರು. ಯಾವ ರೋಗಿಯೂ ಅದುವರೆಗೆ ಹಾಗೆ ಕೇಳಿರಲಿಲ್ಲ. ಭಾನುವಾರ ಬನ್ನಿ ಎಂದು ಹೇಳಿದೆ.

ಅಷ್ಟರಲ್ಲಾಗಲೇ ನನ್ನೊಳಗೂ ಒಂದು ಅನುಮಾನ ಶುರುವಾಗಿತ್ತು. ಅಲ್ಲಿಯವರೆಗೆ ಬಂದ ಪ್ರತಿ ಮಾದರಿಯೂ ಕಪ್ಪಾಗಿತ್ತು. ಬೀಳಗಿ ಕಡೆಯವರದು, ಬನಹಟ್ಟಿಯವರದು, ರೋಗ ಹೆಚ್ಚಿದ್ದವರದು, ಕಡಿಮೆ ಇದ್ದವರದು, ಒಂದೂ ತಪ್ಪಲಿಲ್ಲ. ನನ್ನ ಕೆಲಸದಲ್ಲಿ ಒಂದೇ ರೋಗ ಇಬ್ಬರಲ್ಲಿ ಒಂದೇ ಥರ ಕಂಡಿದ್ದನ್ನು ನಾನು ನೋಡಿಲ್ಲ. ತಂಡದ ಮುಖ್ಯಸ್ಥರಿಗೆ ಫೋನಿನಲ್ಲಿ ಹೇಳಿದಾಗ ಅವರು ನಕ್ಕರು. "ಕೆಲಸ ಆಗದಿದ್ದರೆ ಅನುಮಾನ ಪಡಬೇಕು ಮೇಡಂ. ಆದಾಗಲೂ ಪಟ್ಟರೆ ಹೇಗೆ?" ಮನುಷ್ಯರ ಮೇಲೆ ಪ್ರಯೋಗಿಸಲು ಅನುಮತಿ ಕೇಳುವ ಸಿದ್ಧತೆಯಲ್ಲಿ ಅವರಿದ್ದರು. ಮೊದಲು ಯಾರಿಗೆ ಕೊಡಬಹುದು ಎಂಬ ಮಾತೂ ನಡೆದಿತ್ತು. ರೋಗ ಎದ್ದು ಕಾಣುವಷ್ಟು ಇರುವವರು ಬೇಕು, ಹಳೆಯ ವರದಿಗಳ ಪ್ರಕಾರ ರಬಕವಿಯ ಆ ಹೆಂಗಸು ಸರಿಯಾದವರು ಎಂಬುದು ಅವರ ಅಭಿಪ್ರಾಯ.

ಮಾದರಿಯನ್ನು ಸಿದ್ಧಪಡಿಸುವ ಕ್ರಮ ಹೀಗಿತ್ತು. ಮಜ್ಜೆಯನ್ನು ಯಂತ್ರದಲ್ಲಿ ಜೋರಾಗಿ ತಿರುಗಿಸಿದರೆ ಕೆಂಪು ಕಣಗಳು ತಳ ಸೇರುತ್ತವೆ, ಹಳದಿ ದ್ರವವಾದ ಪ್ಲಾಸ್ಮಾ ಮೇಲೆ ನಿಲ್ಲುತ್ತದೆ, ನಡುವೆ ಮಾಸಲು ಬಿಳಿಯ ಒಂದು ಉಂಗುರ. ನಮಗೆ ಬೇಕಾದ ಕೋಶಗಳು ಆ ಉಂಗುರದಲ್ಲಿ. ಅದನ್ನು ಹೀರಿ ತೆಗೆದು, ಪ್ಲಾಸ್ಮಾದ ಹನಿಯೂ ಉಳಿಯದಂತೆ ಉಪ್ಪುನೀರಿನಲ್ಲಿ ಮತ್ತೆ ಮತ್ತೆ ತೊಳೆಯಬೇಕು. ಆಮೇಲೆ ಕಣಗಳನ್ನು ಹಾಕಿ ಮೈಬಿಸಿಯಷ್ಟು ಬೆಚ್ಚಗಿನ ನೀರಿನಲ್ಲಿಡಬೇಕು. ಅಂಟದೆ ಉಳಿದ ಕಣಗಳನ್ನು ಕೊನೆಗೆ ಇನ್ನೊಮ್ಮೆ ತೊಳೆದು ತೆಗೆಯಬೇಕು. ಶಹರದಿಂದ ಬಂದ ಸೂಚನೆಯಲ್ಲಿ ಮೊದಲ ತೊಳೆತದ ಮಾತಿಗೆ ಎರಡೆರಡು ಬಾರಿ ಒತ್ತು ಕೊಟ್ಟಿದ್ದರು.

ಆ ಶನಿವಾರ ಮಧ್ಯಾಹ್ನ ರಬಕವಿಯವರ ಮಾದರಿಯನ್ನು ಎರಡು ಪಾಲು ಮಾಡಿ ಮೊದಲ ಪಾಲನ್ನು ತೊಳೆಯಲು ಇಟ್ಟಾಗ ಕರೆಂಟ್ ಹೋಯಿತು. ತಿರುಗುವ ಯಂತ್ರ ಗುಂಯ್‌ಗುಟ್ಟುತ್ತ ನಿಧಾನವಾಗಿ ನಿಂತಿತು.

"ಜನರೇಟರ್ ಆ ದೊಡ್ಡ ಮಷೀನಿಗಷ್ಟ ಐತ್ರಿ ಮ್ಯಾಡಮ್. ಈ ಖೋಲಿಗಿಲ್ಲ," ಎಂದರು ಟೆಕ್ನಿಶಿಯನ್. ಚಿಮ್ಮಡದವರು, ದಿನಾ ಬಸ್ಸಿನಲ್ಲಿ ಬಂದು ಹೋಗುವವರು, ಕಡಿಮೆ ಮಾತಿನವರು.

ಕಾಯುತ್ತ ಕೂತರೆ ಕೋಶಗಳು ಸಾಯುತ್ತವೆ ಎಂಬ ಹೆದರಿಕೆಯಿಂದ ನಾನು ಆ ಪಾಲಿಗೆ ಹಾಗೆಯೇ, ಪ್ಲಾಸ್ಮಾ ಇದ್ದಂತೆಯೇ, ಕಣಗಳನ್ನು ಹಾಕಿಬಿಟ್ಟೆ. ಕರೆಂಟ್ ಬಂದ ಮೇಲೆ ಎರಡನೆಯ ಪಾಲನ್ನು ಕ್ರಮಬದ್ಧವಾಗಿ ತೊಳೆದು ಮಾಡಿದೆ. ಅದರಲ್ಲಿ ಕಣ ಹಾಕದ ತುಸು ಕೋಶಗಳನ್ನೂ, ಮೇಲಿನ ಪ್ಲಾಸ್ಮಾವನ್ನೂ ಎಂದಿನಂತೆ ಫ್ರಿಜ್‌ನಲ್ಲಿ ಇಟ್ಟೆ.

ಮರುದಿನ ಬೆಳಿಗ್ಗೆ ಮುಧೋಳದ ನಮ್ಮ ಮನೆಯಿಂದ ನಾನು ಬರುವಷ್ಟರಲ್ಲಿ ಆ ಹೆಂಗಸು ಸೆಂಟರಿನ ಬಾಗಿಲಲ್ಲಿ ಕೂತಿದ್ದರು. ಕಂಪ್ಯೂಟರ್ ಕೋಣೆಯಲ್ಲಿ ಅವರಿಗೆ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದೆ. ಗಾಜಿನ ಆಚೆ ಡಬ್ಬಿ ಯಂತ್ರದೊಳಗೆ ಹೋಯಿತು. ಚಿತ್ರ ಮೂಡಿತು. ಟ್ಯೂಬುಗಳನ್ನು ಮೇಲಿನಿಂದ ಕತ್ತರಿಸಿದಂತೆ ದುಂಡು ದುಂಡು ಬಿಲ್ಲೆಗಳು.

"ಇದರಾಗ ನಂದು ಯಾವುದು?"

"ಇವೆರಡೂ ನಿಮ್ಮವs ರೀ."

ಒಂದು ಬಿಲ್ಲೆ, ತೊಳೆದ ಪಾಲಿನದು, ಇದ್ದಿಲಿನಂತೆ ಕಪ್ಪು. ಇನ್ನೊಂದು ಬರೀ ಜೆಲ್ಲಿ ಇದ್ದ ಟ್ಯೂಬಿನಷ್ಟೇ ಬೆಳ್ಳಗೆ.

ಅವರು ಕನ್ನಡಕ ಸರಿಮಾಡಿಕೊಂಡು ಪರದೆಯ ಹತ್ತಿರ ಬಂದರು. "ಎರಡೂ ನನ್ನವs ಅಂತೀರಿ. ಒಂದು ಕರೇದೈತಿ, ಒಂದು ಬಿಳೇದೈತಿ. ನನಗ ರೋಗ ಐತೋ ಇಲ್ಲೋ?"

"ಐತ್ರಿ. ಅದು ಬ್ಯಾರೆ ಪರೀಕ್ಷಾದಾಗ ಗೊತ್ತಾಗೇತಿ."

"ಹಂಗಾದ್ರ ಈ ಬಿಳೇದು ಯಾಕ ಸುಳ್ಳ ಹೇಳಾಕತ್ತೇತಿ?"

ನನಗೆ ಗೊತ್ತಿಲ್ಲ ಎಂದೆ. ಆ ಉತ್ತರ ಅವರಿಗೆ ಹಿಡಿಸಲಿಲ್ಲ. ಒಂದರಲ್ಲಿ ಬೇರೆಯವರ ರಕ್ತ ಬಂದಿರಬೇಕು, ನೀವು ಮುಚ್ಚಿಡುತ್ತಿದ್ದೀರಿ ಎಂದು ಹೇಳಿ ಸೆರಗು ಹೊದ್ದುಕೊಂಡು ಹೊರಟರು.

ಟ್ಯೂಬು ಅದಲುಬದಲಾಗಿರಬಹುದು ಎಂದು ನಾನೂ ಯೋಚಿಸಿದೆ. ಟ್ಯೂಬುಗಳಿಗೆ ಚೀಟಿ ಅಂಟಿಸುವವರು ಟೆಕ್ನಿಶಿಯನ್. ನಿನ್ನೆ ಕತ್ತಲಲ್ಲಿ ಅಂಟಿಸಿದ್ದಿರಾ, ಬೆಳಕಿನಲ್ಲಾ ಎಂದು ಕೇಳಿದೆ. ಅವರು ಕೈಯಲ್ಲಿದ್ದ ಡಬ್ಬಿಯನ್ನು ಮೇಜಿನ ಮೇಲಿಟ್ಟರು.

"ನನ್ನ ಮ್ಯಾಲೆ ಅನುಮಾನ ಇದ್ರ ನೆಟ್ಟಗ ಹೇಳ್ರಿ ಮ್ಯಾಡಮ್."

"ಎಲ್ಲಾರ ಮ್ಯಾಲೂ ಐತ್ರಿ. ಕರೆಂಟಿನ ಮ್ಯಾಲೆ, ಕಣದ ಮ್ಯಾಲೆ, ನನ್ನ ಮ್ಯಾಲೂ."

"ಒಂದೊಂದs ತಗದು ಹಾಕೋಣು ಅಲ್ರಿ ಮತ್ತ."

ಹಾಗೆಯೇ ಮಾಡಿದೆವು. ಕಣಗಳು ಗಂಟುಕಟ್ಟಿವೆಯೇ ಎಂದು ಬೆಳಕಿಗೆ ಹಿಡಿದು, ಸೂಕ್ಷ್ಮದರ್ಶಕದಲ್ಲಿ ನೋಡಿದೆವು. ಇಲ್ಲ. ಬಿಳಿಯ ಟ್ಯೂಬಿನಲ್ಲಿ ಕೋಶಗಳು ಸತ್ತಿದ್ದವೆ? ಬಣ್ಣ ಹಾಕಿ ನೋಡಿದರೆ ಅವು ಕಪ್ಪು ಟ್ಯೂಬಿನವುಗಳಷ್ಟೇ ಚೆನ್ನಾಗಿದ್ದವು. ಉಳಿದದ್ದು ಪ್ಲಾಸ್ಮಾ ಒಂದೇ. ಫ್ರಿಜ್‌ನಲ್ಲಿದ್ದ ತೊಳೆದ ಕೋಶಗಳನ್ನು ತೆಗೆದು ಎರಡು ಮಾಡಿದೆ. ಒಂದಕ್ಕೆ ಆ ಹೆಂಗಸಿನದೇ ಪ್ಲಾಸ್ಮಾ ವಾಪಸ್ ಸೇರಿಸಬೇಕು. ಇನ್ನೊಂದಕ್ಕೆ ರೋಗವಿಲ್ಲದವರ ಪ್ಲಾಸ್ಮಾ ಬೇಕು. ಟೆಕ್ನಿಶಿಯನ್ ಮಾತಿಲ್ಲದೆ ತೋಳು ಮಡಚಿ ಕೂತರು. ಅವರ ರಕ್ತ ತೆಗೆದೆ.

ಎರಡಕ್ಕೂ ಕಣ ಹಾಕಿ, ಮಧ್ಯಾಹ್ನ ಊಟ ಬಿಟ್ಟು ಸ್ಕ್ಯಾನ್ ಮಾಡಿದೆವು. ಟೆಕ್ನಿಶಿಯನ್‌ರ ಪ್ಲಾಸ್ಮಾ ಸೇರಿಸಿದ ಟ್ಯೂಬು ಕಪ್ಪಾಗಿತ್ತು. ಆಕೆಯದೇ ಪ್ಲಾಸ್ಮಾ ಸೇರಿಸಿದ ಟ್ಯೂಬು ಬಿಳಿ.

ಆಗ ನನಗಾದದ್ದು ಖುಷಿಯಲ್ಲ. ಹೆದರಿಕೆ. ಆ ಹೆಂಗಸಿನ ಪ್ಲಾಸ್ಮಾದಲ್ಲಿ ಏನೋ ಇದೆ, ಅದು ಕಣವನ್ನು ಕೋಶದ ಹತ್ತಿರ ಹೋಗಲು ಬಿಡುತ್ತಿಲ್ಲ. ಆಕೆಗೆ ಚುಚ್ಚಿದ್ದರೆ ಚಿತ್ರ ಬೆಳ್ಳಗೆ ಬರುತ್ತಿತ್ತು. ಬೆಳ್ಳಗಿದ್ದರೆ ರೋಗವಿಲ್ಲ ಎಂದು ಬರೆಯುವವಳು ನಾನೇ ಆಗಿರುತ್ತಿದ್ದೆ.

ಮುಖ್ಯಸ್ಥರಿಗೆ ಫೋನ್ ಮಾಡಿದೆ.

"ತೊಳೆಯದ ಟ್ಯೂಬನ್ನು ಲೆಕ್ಕಕ್ಕೆ ಹಿಡಿಯೋ ಹಾಗಿಲ್ಲ ಮೇಡಂ. ಕ್ರಮ ತಪ್ಪಿದೆ. ಅದನ್ನು ಬಿಟ್ಟುಬಿಡಿ."

"ದೇಹದ ಒಳಗೆ ತೊಳೆಯುವವರು ಯಾರು ಸರ್?"

ಅವರ ದನಿ ಬೇರೆಯಾಯಿತು. ಈ ವಿಷಯವನ್ನು ಇನ್ಯಾರಿಗೆ ಹೇಳಿದ್ದೀರಿ ಎಂದು ಕೇಳಿದರು. ಬೇರೆ ಯಾವುದಾದರೂ ತಂಡ ನಿಮ್ಮ ಸಂಪರ್ಕದಲ್ಲಿದೆಯೇ ಎಂದೂ ಕೇಳಿದರು. ಇಲ್ಲ ಎಂದೆ. ಅವರು ನಂಬಿದಂತೆ ಕಾಣಲಿಲ್ಲ.

ನಾನೂ ಅವರನ್ನು ನಂಬುವುದನ್ನು ಆ ದಿನದಿಂದ ಬಿಟ್ಟೆ. ಮೊದಲ ತೊಳೆತಕ್ಕೆ ಅಷ್ಟು ಒತ್ತು ಯಾಕೆ ಕೊಟ್ಟಿದ್ದರು? ತೊಳೆಯದಿದ್ದರೆ ಏನಾಗುತ್ತದೆ ಎಂದು ಗೊತ್ತಿದ್ದೇ ಹಾಗೆ ಬರೆದಿದ್ದರೆ? ಮುಧೋಳ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಕಾರು ತೆವಳಿಸುತ್ತ ಬರುವಾಗ ಇದೇ ತಲೆಯಲ್ಲಿ ಸುತ್ತುತ್ತಿತ್ತು. ಹಳೆಯ ಫೋನ್ ಮಾತುಗಳನ್ನೆಲ್ಲ ನೆನಪಿಸಿಕೊಂಡು ಅವರು ಎಲ್ಲಿ ತಡವರಿಸಿದ್ದರು ಎಂದು ಹುಡುಕುತ್ತಿದ್ದೆ. ಒಮ್ಮೆ ಹುಡುಕಲು ಶುರುಮಾಡಿದರೆ ಎಲ್ಲ ಮಾತಿನಲ್ಲೂ ತಡವರಿಕೆ ಸಿಗುತ್ತದೆ.

ಸೆಂಟರಿನ ಮಾಲೀಕರು ಕೂಡ ಒಂದು ದಿನ ಕರೆದರು. ಶಹರದಿಂದ ಅವರಿಗೆ ಫೋನ್ ಬಂದಿತ್ತು. "ಮ್ಯಾಡಮ್, ಇಂಥಾ ಕೆಲಸ ನಮ್ಮ ಕಡೆ ಮತ್ತ ಬರಾಂಗಿಲ್ಲ. ನಮ್ಮ ಸೆಂಟರಿನ ಹೆಸರು ನಾಲ್ಕು ಮಂದಿಗೆ ಗೊತ್ತಾಗ್ತಿತ್ತು. ಫೋಟೋ ತಗದು ಕಳಸೂದು ಅಷ್ಟ ನಮ್ಮ ಕೆಲಸ ಅಲ್ರಿ?"

"ಅವ್ರು ಕೇಳಿದ ಫೋಟೋನೂ ಕಳಸ್ತೇನ್ರಿ. ಕೇಳದs ಇದ್ದದ್ದನ್ನೂ ಕಳಸ್ತೇನಿ."

ಅವರ ಎದುರು ಹಾಗೆ ಹೇಳಿಬಿಟ್ಟ ಮೇಲೆ ಹಿಂದೆ ಸರಿಯುವ ದಾರಿ ಇರಲಿಲ್ಲ. ಆ ಸಂಜೆ ನಿರ್ಧಾರ ಮಾಡಿದೆ. ಇನ್ನು ಮುಂದೆ ಪ್ರತಿ ಮಾದರಿಯನ್ನೂ ತೊಳೆದು ಒಮ್ಮೆ, ತೊಳೆಯದೆ ಒಮ್ಮೆ ನೋಡುತ್ತೇನೆ. ಬಿಳಿ ಟ್ಯೂಬುಗಳನ್ನು ಬಿಟ್ಟು ಕಪ್ಪು ಟ್ಯೂಬುಗಳನ್ನು ಮಾತ್ರ ಬಳಸುವುದಾದರೆ ನನ್ನ ಒಂದು ಚಿತ್ರವನ್ನೂ ಕೊಡುವುದಿಲ್ಲ. ಇದನ್ನು ಮುಖ್ಯಸ್ಥರಿಗೆ ಹೇಳಿದೆ. ರಕ್ತರೋಗದ ವೈದ್ಯರಿಗೂ ಎಲ್ಲವನ್ನೂ ವಿವರಿಸಿದೆ. ಅವರು ಚಿತ್ರಗಳನ್ನು ನೋಡಿ, ಇದು ಬಗೆಹರಿಯುವವರೆಗೆ ನನ್ನ ಯಾವ ರೋಗಿಯನ್ನೂ ಆ ಇಂಜೆಕ್ಷನ್‌ಗೆ ಕಳಿಸುವುದಿಲ್ಲ ಎಂದರು.

ಮುಂದಿನ ವಾರಗಳಲ್ಲಿ ರೋಗ ಹೆಚ್ಚಿದ್ದವರ ತೊಳೆಯದ ಟ್ಯೂಬುಗಳೆಲ್ಲ ಬಿಳಿ ಬಂದವು. ಒಂದು ಭಾನುವಾರ ಮುಖ್ಯಸ್ಥರು ಹೇಳದೆ ಕೇಳದೆ ಕಾರು ಮಾಡಿಕೊಂಡು ಬಂದಿಳಿದರು. ತಮ್ಮದೇ ಕಣಗಳ ಬಾಟಲಿ, ತಮ್ಮದೇ ಉಪ್ಪುನೀರು ತಂದಿದ್ದರು. ನಮ್ಮ ಸಾಮಾನನ್ನು ಮುಟ್ಟಲಿಲ್ಲ. ಹಿಂದಿನ ದಿನ ಅನಗವಾಡಿಯ ರೈತರೊಬ್ಬರಿಂದ ತೆಗೆದ ಮಜ್ಜೆಯಿತ್ತು. ಮುಖ್ಯಸ್ಥರು ಕೋಟು ಕಳಚಿ ತಾವೇ ಕೂತು ಎರಡೂ ಬಗೆಯ ಟ್ಯೂಬು ಮಾಡಿದರು. ನಾನು ಕೈಕಟ್ಟಿ ನಿಂತೆ. ನಾನು ಅವರ ಕೈ ನೋಡುತ್ತಿದ್ದೆ, ಅವರು ನಡುನಡುವೆ ನನ್ನ ಕೈ ನೋಡುತ್ತಿದ್ದರು. ಟೆಕ್ನಿಶಿಯನ್ ಇಬ್ಬರಿಗೂ ಚಹಾ ತಂದಿಟ್ಟು ದೂರ ನಿಂತರು. ಚಹಾ ಆರಿತು.

ಚಿತ್ರ ಬಂತು. ತೊಳೆದದ್ದು ಕಪ್ಪು, ತೊಳೆಯದ್ದು ಬಿಳಿ.

ಅವರು ಕುರ್ಚಿಯನ್ನು ಹಿಂದಕ್ಕೆ ಸರಿಸಿ ಪರದೆಯನ್ನೇ ನೋಡುತ್ತ ಕೂತರು. "ನಾನು ಬಚ್ಚಿಟ್ಟಿದ್ದೇನೆ ಅಂದುಕೊಂಡಿದ್ದಿರಾ?"

"ಹೌದು ಸರ್."

"ನನಗೆ ಗೊತ್ತಿರಲಿಲ್ಲ. ಗೊತ್ತಾಗುವ ಹಾಗೆ ನೋಡಲೂ ಇಲ್ಲ."

ಮೊದಲ ಮಾತನ್ನು ನಂಬಬೇಕೋ ಬಿಡಬೇಕೋ ನನಗೆ ಇವತ್ತಿಗೂ ತಿಳಿಯದು. ಎರಡನೆಯದನ್ನು ನಂಬಿದ್ದೇನೆ.

ಕಾರಣವನ್ನು ಕಂಡುಹಿಡಿದವರು ಅವರೇ. ಕ್ಯಾನ್ಸರ್ ಕೋಶಗಳು ತಮ್ಮ ಮೈಮೇಲಿನ ಆ ಪ್ರೋಟೀನನ್ನು ಉದುರಿಸುತ್ತಲೇ ಇರುತ್ತವೆ. ಉದುರಿದ ಚೂರುಗಳು ಪ್ಲಾಸ್ಮಾದಲ್ಲಿ ತೇಲುತ್ತವೆ. ಕಣದ ಕೊಕ್ಕೆಗಳು ಆ ಚೂರುಗಳನ್ನೇ ಹಿಡಿದುಕೊಂಡು ಭರ್ತಿಯಾಗುತ್ತವೆ, ಕೋಶವನ್ನು ಮುಟ್ಟುವಾಗ ಒಂದು ಕೊಕ್ಕೆಯೂ ಖಾಲಿ ಇರುವುದಿಲ್ಲ. ರೋಗ ಹೆಚ್ಚಿದ್ದಷ್ಟೂ ಚೂರುಗಳು ಹೆಚ್ಚು, ಚಿತ್ರ ಬಿಳಿ. ತೊಳೆದಾಗ ನಾವು ಚೂರುಗಳನ್ನು ಚೆಲ್ಲಿಬಿಡುತ್ತಿದ್ದೆವು. ಚಿಕಿತ್ಸೆ ಪಡೆದು ರೋಗ ಇಳಿದವರಲ್ಲಿ ಚೂರುಗಳು ಕಡಿಮೆಯಾಗಬೇಕು, ಅಲ್ಲಿ ಕಣ ಕೆಲಸ ಮಾಡಬಹುದು ಎಂದು ಅವರು ಫೋನಿನಲ್ಲಿ ಹೇಳಿದರು. ಅನುಮತಿ ಕೇಳುವುದನ್ನು ಮುಂದೂಡಿದರು.

ರಬಕವಿಯವರಿಗೆ ಇದನ್ನು ತಿಳಿಸಲು ನಾನೇ ಅವರ ಮನೆಗೆ ಹೋದೆ. ಓಣಿಯ ತುಂಬ ಪವರ್‌ಲೂಮಿನ ಖಟಪಟ. ಅವರ ಯಜಮಾನರು ಒಳಗೆ ಹೋಗಿ ಮಗ್ಗ ನಿಲ್ಲಿಸಿದರು. ಆದರೂ ಪಕ್ಕದ ಮನೆಗಳ ಸದ್ದಿನಲ್ಲಿ ಗಟ್ಟಿಯಾಗಿ ಮಾತಾಡಬೇಕಿತ್ತು. ಬಿಳಿ ಟ್ಯೂಬಿನಲ್ಲಿ ಇದ್ದದ್ದು ನಿಮ್ಮದೇ ಕೋಶ, ಬೇರೆಯವರದಲ್ಲ ಎಂದೆ. ಯಾಕೆ ಬಿಳಿ ಬಂತೆಂದು ವಿವರಿಸಿದೆ. ಆ ಇಂಜೆಕ್ಷನ್ ನಿಮಗೆ ಈಗ ಕೊಡುವುದಿಲ್ಲ ಎಂದೂ ಹೇಳಿದೆ.

"ಮೊದಲ ಕೇಳಿ ಹಾಕ್ತೇವಿ ಅಂದ್ರಿ. ಈಗ ಇಲ್ಲ ಅಂತೀರಿ. ದೊಡ್ಡ ಮಂದೀಗೆ ತಗದಿಟ್ಟೀರೇನು?"

"ಇಲ್ರಿ. ಈಗ ಕೊಟ್ರ ಅದು ತಪ್ಪು ತೋರಸ್ತೈತಿ. ಯಾರಿಗೂ ಕೊಡಾಕತ್ತಿಲ್ಲ."

"ಬ್ಯಾಡ ಅಂತ ಹೇಳಾಕ ಮನೀತನಕಾ ಬಂದೀರಿ. ಅದೂ ಒಂದು ಅನುಮಾನನs ನನಗ," ಎಂದರು. ಆದರೆ ಚಹಾ ಕುಡಿಯದೆ ಹೋಗಲು ಬಿಡಲಿಲ್ಲ.

ರಕ್ತರೋಗದ ವೈದ್ಯರ ಚಿಕಿತ್ಸೆ ಅವರಿಗೆ ಹಿಡಿಯಿತು. ಬೆನ್ನುನೋವು ಇಳಿಯಿತು, ರಕ್ತದ ವರದಿಗಳು ಸುಧಾರಿಸಿದವು. ತಿಂಗಳುಗಳ ನಂತರ ಮತ್ತೆ ಮಜ್ಜೆ ತೆಗೆಯುವ ದಿನ ಬಂತು. ಈ ಸಲ ನಾನು ಕೇಳುವ ಮೊದಲೇ, ನಿಮ್ಮ ಪಾಲೂ ತೆಗೆದುಕೊಳ್ಳಿ, ಫೋಟೋ ನೋಡಲು ಬರುತ್ತೇನೆ ಎಂದರು. ನಾನು ಆ ಮಜ್ಜೆಯನ್ನು ತೊಳೆಯಲಿಲ್ಲ. ಒಂದು ಟ್ಯೂಬಿಗೆ ಕೊಕ್ಕೆಯಿರುವ ಕಣ, ಇನ್ನೊಂದಕ್ಕೆ ಹೋಲಿಕೆಗಾಗಿ ಕೊಕ್ಕೆಯಿಲ್ಲದ ಬರಿಯ ಕಣ.

ಭಾನುವಾರ ಅವರು ನೆಟ್ಟಗೆ ನಡೆದುಕೊಂಡು ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತರು. ಚಿತ್ರ ನಿಧಾನವಾಗಿ ಮೂಡಿತು. ಬರಿಯ ಕಣದ ಬಿಲ್ಲೆ ಬೆಳ್ಳಗಿತ್ತು. ಪಕ್ಕದ್ದು ಬೂದಿ ಬಣ್ಣ. ಕಣ್ಣಿನ ಭ್ರಮೆ ಇರಬಹುದೆಂದು ಅಳತೆ ತೆಗೆದೆ. ಭ್ರಮೆಯಲ್ಲ. ತೊಳೆಯದ ಮಜ್ಜೆಯಲ್ಲಿ, ಪ್ಲಾಸ್ಮಾದ ನಡುವೆಯೇ, ಕಣ ಕೋಶವನ್ನು ಹುಡುಕಿ ಹಿಡಿದಿತ್ತು. ಹಿಂದೆ ನಿಂತಿದ್ದ ಟೆಕ್ನಿಶಿಯನ್ ಸಣ್ಣಗೆ "ಆತು ಮ್ಯಾಡಮ್" ಎಂದರು. ನಾನು ನಕ್ಕೆ. ಎಷ್ಟೋ ತಿಂಗಳ ನಂತರ ಬಂದ ನಗು, ತಡೆಯಲಾಗಲಿಲ್ಲ.

ಆ ಹೆಂಗಸು ಪರದೆಯನ್ನು ಬಿಟ್ಟು ನನ್ನ ಮುಖ ನೋಡುತ್ತಿದ್ದರು.

"ನಕ್ಕಿರಿ ಬಾಯಾರ. ಅಂದ್ರ ನನಗ ಪೂರಾ ಆರಾಮ ಆತೇನ್ರಿ?"

ನಗು ಅಲ್ಲಿಗೇ ನಿಂತಿತು. ಟ್ಯೂಬು ಬೂದಿಯಾಗಿದ್ದರ ಅರ್ಥ ಅದರಲ್ಲಿ ಹಿಡಿಯಲು ಏನೋ ಇನ್ನೂ ಉಳಿದಿದೆ ಎಂದು. ಇದು ಇನ್ನೂ ಪರೀಕ್ಷೆಯಾಗಿ ಒಪ್ಪಿತವಾದದ್ದಲ್ಲ, ವೈದ್ಯರನ್ನು ಕೇಳಿ ಎಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಆ ಮಾತು ಸುಳ್ಳೂ ಆಗುತ್ತಿರಲಿಲ್ಲ.

"ಇಲ್ರಿ ಅಕ್ಕಾರ. ಭಾಳ ಇಳದೈತಿ. ಆದ್ರ ಒಂದೀಟು ಇನ್ನೂ ಉಳದಂಗ ಕಾಣ್ತೈತಿ. ಇದು ಹೊಸಾ ಪದ್ಧತಿ, ಇದರ ಮ್ಯಾಲೆ ಔಷಧ ಬದಲ ಮಾಡಾಕ ಬರಾಂಗಿಲ್ಲ. ಡಾಕ್ಟರಿಗೆ ಇವತ್ತs ಹೇಳ್ತೇನಿ. ಅವ್ರು ಬ್ಯಾರೆ ಪರೀಕ್ಷೆ ಮಾಡಸ್ತಾರ."

"ಹಂಗಾದ್ರ ನಕ್ಕದ್ದ್ಯಾಕ?"

"ಅದು ಉಳದೈತಿ ಅಂತ ಕಾಣಸ್ತಲ್ರಿ, ಅದಕ್ಕ."

ಟೆಕ್ನಿಶಿಯನ್ ಗಾಜಿನ ಆಚೆ ಹೋಗಿ ಡಬ್ಬಿಯನ್ನು ಹೊರಗೆ ತೆಗೆಯುತ್ತಿದ್ದರು. ಆ ಹೆಂಗಸು ಪರದೆಯ ಮೇಲಿನ ಬೂದಿ ಬಿಲ್ಲೆಯತ್ತ ಬೆರಳು ಮಾಡಿದರು.

"ಡಾಕ್ಟರಿಗೆ ಫೋನ್ ಹಚ್ಚರಿ. ನಾ ಇಲ್ಲೇ ಕುಂತಿರ್ತೇನಿ. ನೀವು ಏನ್ ಹೇಳ್ತೀರಿ ಅನ್ನೂದು ನಾನೂ ಕೇಳ್ಬೇಕು."

ನಾನು ಫೋನನ್ನು ಅವರಿಗೂ ಕೇಳುವಂತೆ ಮೇಜಿನ ಮೇಲಿಟ್ಟು ವೈದ್ಯರ ನಂಬರ್ ಒತ್ತಿದೆ.